ನೀರು ಊರಿಗೇ ಹೋಗುತ್ತದೆ

ವ್ಯಾಂಕೂವರ್‌ಗೆ ಬಂದ ಹೊಸ ವಿದ್ಯಾರ್ಥಿಗಳಿಗೆ ಹಳಬರು ಹೇಳಿಕೊಡುವ ಮೊದಲ ಪಾಠ ದಿಕ್ಕಿನದು. ಬೆಟ್ಟ ಕಂಡ ಕಡೆ ಉತ್ತರ. ಅಷ್ಟು ಗೊತ್ತಿದ್ದರೆ ಈ ಊರಿನಲ್ಲಿ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಬಸ್ಸಿಗೆ ಕಾಯುತ್ತಾ ನಿಂತಾಗ ಕಟ್ಟಡಗಳ ಸಂದಿಯಲ್ಲಿ ತಲೆ ಎತ್ತಿದರೆ ಸೈಪ್ರೆಸ್, ಗ್ರೌಸ್, ಸೀಮೋರ್ ಬೆಟ್ಟಗಳು ಸಾಲಾಗಿ ಕಾಣುತ್ತವೆ. ಚಳಿಗಾಲದಲ್ಲಿ ಮೋಡ ಸರಿದ ರಾತ್ರಿ ಅವುಗಳ ಸ್ಕೀ ಇಳಿಜಾರಿನ ದೀಪಗಳು ಎಷ್ಟು ಹತ್ತಿರ ಕಾಣುತ್ತವೆಂದರೆ, ಊಟ ಮುಗಿಸಿ ಒಂದು ಸುತ್ತು ಹೋಗಿ ಬರಬಹುದು ಅನಿಸುತ್ತದೆ.

ಅನಿಸುವುದೇನು, ಹೋಗಿಯೇ ಬರುತ್ತಾರೆ. ಪೇಟೆಯ ನಡುವಿನಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಸೀಮೋರ್ ಬೆಟ್ಟದ ಪಾರ್ಕಿಂಗ್ ಜಾಗ ತಲುಪಬಹುದು. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದವರೆಗೂ ಟಾರು ರಸ್ತೆಯೇ ಏರಿಸಿಬಿಡುತ್ತದೆ. ಅಲ್ಲಿಂದ ಡಾಗ್ ಮೌಂಟನ್ ಎಂಬ ನೋಟದ ಬಂಡೆಗೆ ಹೋಗಿ ಬರುವುದು ಒಟ್ಟು 5 ಕಿಲೋಮೀಟರ್. ಹೆಸರಿನಲ್ಲಿ ಮೌಂಟನ್ ಇದ್ದರೂ ಹತ್ತುವುದು ಹೆಚ್ಚಿಲ್ಲ. ಸಣ್ಣ ಏರು, ಸಣ್ಣ ಇಳುಕಲು, ಮಧ್ಯದಲ್ಲಿ ಹಿಮ ಮುಚ್ಚಿದ ಒಂದು ಪುಟ್ಟ ಕೆರೆ. ಮಕ್ಕಳು ಬರುತ್ತಾರೆ, ಅಜ್ಜಿಯರು ಬರುತ್ತಾರೆ, ಸ್ವೆಟರ್ ಹಾಕಿದ ನಾಯಿಗಳು ಬರುತ್ತವೆ. ಹಿಮದಲ್ಲಿ ನಡೆಯುವುದನ್ನು ಕಲಿಯಬೇಕೆನ್ನುವವರಿಗೆ ಎಲ್ಲರೂ ತೋರಿಸುವ ದಾರಿ ಇದು. ನಾನು ದಾರಿ ತಪ್ಪಿದ್ದೂ ಇಲ್ಲೇ.

ಅದು ನನ್ನ ಪಿಎಚ್‌ಡಿಯ ಮೂರನೇ ವರ್ಷದ ಜನವರಿ. ಹುಬ್ಬಳ್ಳಿಯ ಹುಡುಗನೊಬ್ಬ ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ್ದ. ಬಂದು ನಾಲ್ಕು ತಿಂಗಳಾಗಿದ್ದರೂ ಕೋಣೆ, ಲ್ಯಾಬ್, ಕೋಣೆ ಅಷ್ಟೇ ಅವನ ಲೋಕ. ನಾಲ್ಕೂವರೆಗೇ ಕತ್ತಲಾಗುವ ಊರಿನಲ್ಲಿ ಮೊದಲ ಚಳಿಗಾಲ ಹೇಗಿರುತ್ತದೆಂದು ನನಗೆ ಗೊತ್ತಿತ್ತು. "ಬಾ ಮಾರಾಯ, ಹಿಮ ತೋರಿಸ್ತೀನಿ" ಎಂದೆ. ಅವನು ಹಿಂಜರಿದಾಗ ಇನ್ನೊಂದು ಮಾತು ಸೇರಿಸಿದೆ: "ನಾವು ಮಲೆನಾಡಿನವರು. ಕಾಡಿನಲ್ಲಿ ದಾರಿ ತಪ್ಪೋ ಜನ ಅಲ್ಲ." ಈ ಮಾತು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಬಾಡಿಗೆಗೆ ತಂದ ಸ್ನೋಶೂಗಳನ್ನು ಪಾರ್ಕಿಂಗ್ ಜಾಗದಲ್ಲಿ ಕಟ್ಟಿಕೊಂಡಾಗಲೇ ಮಧ್ಯಾಹ್ನ ಎರಡು ಗಂಟೆ. ಸ್ನೋಶೂ ನೋಡದವರಿಗೆ ಹೇಳುವುದಾದರೆ, ಕಾಲಿಗೊಂದೊಂದು ಉದ್ದನೆಯ ಮೊರ ಕಟ್ಟಿಕೊಂಡಂತೆ. ಲೆಕ್ಕ ಸರಳ. ಬೂಟಿನ ತಳ ಹಿಮವನ್ನು ಮುಟ್ಟುವುದು ಅಂಗೈಯಗಲದ ಒಂದೆರಡು ಜಾಗದಲ್ಲಿ. ಹಾಗಾಗಿ ಮೈಭಾರವೆಲ್ಲ ಅಲ್ಲೇ ಬಿದ್ದು ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಮೊರದಗಲ ಹರಡಿದರೆ ಅದೇ ಭಾರ ನಾಲ್ಕರಲ್ಲೊಂದು ಪಾಲಾಗುತ್ತದೆ, ನಾವು ಹಿಮದ ಮೇಲೆಯೇ ನಿಲ್ಲುತ್ತೇವೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಮರದ ಚೌಕಟ್ಟು ಬಾಗಿಸಿ, ತೊಗಲಿನ ದಾರದಿಂದ ಬಲೆ ಹೆಣೆದು ಇದನ್ನು ಮಾಡಿಕೊಳ್ಳುತ್ತಿದ್ದರು. ಈಗ ಅಲ್ಯೂಮಿನಿಯಂ ಚೌಕಟ್ಟು, ಪ್ಲಾಸ್ಟಿಕ್ ಹಾಳೆ, ಜಾರದಂತೆ ಅಡಿಯಲ್ಲಿ ಉಕ್ಕಿನ ಹಲ್ಲುಗಳು. ಕಾಲು ಸ್ವಲ್ಪ ಅಗಲಿಸಿ ನಡೆಯಬೇಕು. ಇಲ್ಲದಿದ್ದರೆ ನಮ್ಮ ಮೊರವನ್ನು ನಾವೇ ತುಳಿದು ಬೀಳುತ್ತೇವೆ. ಹುಡುಗ ಮೊದಲ ಹತ್ತು ನಿಮಿಷದಲ್ಲಿ ಮೂರು ಸಲ ಬಿದ್ದ, ಮೂರು ಸಲವೂ ನಕ್ಕ. ನಾಲ್ಕು ತಿಂಗಳಲ್ಲಿ ಅವನು ಅಷ್ಟು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ದಾರಿ ನೂರಾರು ಜನ ತುಳಿದು ಗಟ್ಟಿಯಾಗಿತ್ತು. ಹಾಗಾಗಿ ಒಂದೊಂದು ಹೆಜ್ಜೆಗೂ ಅಡಿಯ ಹಲ್ಲುಗಳು ಕರಕರ ಎನ್ನುತ್ತಿದ್ದವು. ಎರಡೂ ಬದಿಗೆ ಹೆಮ್ಲಾಕ್ ಮರಗಳು, ಹಿಮದ ಭಾರಕ್ಕೆ ಕೈ ಇಳಿಬಿಟ್ಟು ನಿಂತಿದ್ದವು. ಬಂಡೆ ತಲುಪಿದಾಗ ಮೋಡ ಅರ್ಧ ತೆರೆದಿತ್ತು. ಕೆಳಗೆ ಇಡೀ ವ್ಯಾಂಕೂವರ್ ಹರಡಿಕೊಂಡಿತ್ತು. ಊರನ್ನು ಸೀಳಿ ಒಳಬಂದ ಕಡಲ ತೋಳು, ಅದರ ಮೇಲಿನ ಸೇತುವೆಗಳು, ಸ್ಟ್ಯಾನ್ಲಿ ಪಾರ್ಕಿನ ಕಪ್ಪು ಕಾಡು, ದೂರದಲ್ಲಿ ಗಡಿಯಾಚೆ ಅಮೆರಿಕದ ಬೇಕರ್ ಶಿಖರದ ಬಿಳಿ ಹೆಗಲು. ಹುಡುಗ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ. ಹುಬ್ಬಳ್ಳಿಯಲ್ಲಿ ನಸುಕಿನ ನಾಲ್ಕೂವರೆ. ನಿದ್ದೆಗಣ್ಣಿನ ಆ ತಾಯಿ ಹಿಮ ನೋಡಿ, "ಕಿವಿ ಮುಚ್ಚಿಕೋ" ಎಂದಷ್ಟೇ ಹೇಳಿದರು. ನಾವು ಥರ್ಮಾಸಿನ ಚಹಾ ಕುಡಿದೆವು, ಫೋಟೊ ತೆಗೆದೆವು, ಮತ್ತೆ ತೆಗೆದೆವು. ಎದ್ದಾಗ ಮೂರೂಮುಕ್ಕಾಲು ದಾಟಿತ್ತು. ಸುತ್ತ ಇದ್ದವರೆಲ್ಲ ಯಾವಾಗಲೋ ಹೊರಟುಹೋಗಿದ್ದರು. ಇಬ್ಬರ ಬಳಿಯೂ ಟಾರ್ಚ್ ಇರಲಿಲ್ಲ. ಫೋನ್ ಇದೆಯಲ್ಲ ಎಂಬ ಧೈರ್ಯ.

ಹಿಂತಿರುಗುವಾಗ ಮೋಡ ಮುಚ್ಚಿಕೊಂಡಿತು, ಹಿಮ ಬೀಳತೊಡಗಿತು. ಮರಗಳಿಗೆ ಹೊಡೆದಿದ್ದ ಗುರುತುಗಳು ಒಂದಾದ ಮೇಲೊಂದು ಮಸುಕಾದವು. ಒಂದು ಕಡೆ ಹೆಜ್ಜೆ ಜಾಡು ಎರಡಾಗಿ ಕವಲೊಡೆದಿತ್ತು. ಎಡದ್ದು ಅಗಲವಾಗಿತ್ತು, ಬಲದ್ದು ಕಿರಿದಾಗಿ ಮರಗಳ ನಡುವೆ ನೇರ ಹೋಗುತ್ತಿತ್ತು. ಒಳದಾರಿ ಇರಬೇಕು ಎಂದುಕೊಂಡು ಬಲಕ್ಕೆ ಹೊರಳಿದೆ. ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅಲ್ಲಿಂದ ಹತ್ತು ಹೆಜ್ಜೆಗೇ ಕಾಲಡಿಯ ಕರಕರ ಸದ್ದು ನಿಂತಿರಬೇಕು. ತುಳಿದು ಗಟ್ಟಿಯಾದ ದಾರಿ ಸದ್ದು ಮಾಡುತ್ತದೆ, ಹೊಸ ಹಿಮ ಮಾಡುವುದಿಲ್ಲ. ನನ್ನ ಕಿವಿಗೆ ಅದು ಬೀಳಲೇ ಇಲ್ಲ. ನಾನು ಮಾತಾಡುತ್ತಿದ್ದೆ, ಮಳೆಗಾಲದ ಆಗುಂಬೆಯ ಕಥೆ ಹೇಳುತ್ತಿದ್ದೆ.

ಜಾಡು ಸ್ವಲ್ಪ ದೂರದಲ್ಲಿ ಒಂದು ಮರದ ಬುಡದಲ್ಲಿ ಮುಗಿದುಹೋಯಿತು. ಯಾರೋ ಅಷ್ಟು ದೂರ ಬಂದು ಹಿಂತಿರುಗಿದ್ದರು. ಅದೇ ಹೊತ್ತಿಗೆ ಬಲಗಡೆ ಕೆಳಗೆ ಮೋಡ ಒಂದು ಕ್ಷಣ ಹರಿದು ಊರಿನ ದೀಪಗಳು ಕಂಡವು. ಹಳದಿ ದೀಪಗಳು, ಸಾಲು ಸಾಲು, ಕೈಗೆಟುಕುವಂತೆ. ಜೊತೆಗೆ ಹಿಮದಡಿಯಲ್ಲಿ ಎಲ್ಲೋ ನೀರು ಹರಿಯುವ ಸದ್ದು ಕೇಳಿತು. ನನಗೆ ಜೀವ ಬಂದಂತಾಯಿತು.

ನಮ್ಮ ಮನೆ ಇರುವುದು ಕೊಪ್ಪ ಮತ್ತು ಆಗುಂಬೆಯ ನಡುವೆ. ಚಿಕ್ಕಂದಿನಲ್ಲಿ ಮೇಯಲು ಹೋದ ದನ ಸಂಜೆಗೆ ಬಾರದಿದ್ದರೆ ಅಜ್ಜಯ್ಯನ ಜೊತೆ ಬ್ಯಾಣ ದಾಟಿ ಕಾನಿನವರೆಗೆ ಹುಡುಕಿಕೊಂಡು ಹೋಗುವುದಿತ್ತು. ಕಂಬಳಿ ಕೊಪ್ಪೆ ಹೊದ್ದು ಮುಂದೆ ನಡೆಯುತ್ತಿದ್ದ ಅಜ್ಜಯ್ಯ ಒಂದು ಮಾತು ಹೇಳಿಕೊಟ್ಟಿದ್ದರು: "ದಾರಿ ತಪ್ಪಿತು ಅಂದ್ಕೊ. ಕೂಗಬೇಡ, ಓಡಬೇಡ. ಹಳ್ಳ ಹುಡುಕು. ಹಳ್ಳದ ಜೊತೆ ಕೆಳಗೆ ನಡಿ. ನೀರು ಊರಿಗೇ ಹೋಗುತ್ತೆ." ಒಂದು ಸಲ ಇಬ್ಬನಿಯಲ್ಲಿ ಹಾಗೇ ನಡೆದು, ಸಂಕ ಸಿಕ್ಕಿ, ಸಂಕದಿಂದ ಗದ್ದೆ, ಗದ್ದೆಯಿಂದ ಯಾರದೋ ಅಡಿಕೆ ತೋಟ, ತೋಟದಾಚೆ ದೀಪ ಕಂಡದ್ದು ನನಗೆ ಚೆನ್ನಾಗಿ ನೆನಪಿದೆ. ಅಜ್ಜಯ್ಯ ತೀರಿಕೊಂಡು ಹನ್ನೊಂದು ವರ್ಷ. ಅವರು ಕಲಿಸಿದ್ದರಲ್ಲಿ ಪರದೇಶದಲ್ಲಿ ಉಪಯೋಗಕ್ಕೆ ಬರುವಂಥದ್ದು ಇದೊಂದಾದರೂ ಇತ್ತಲ್ಲ ಎಂದು ಆ ಕ್ಷಣ ಒಂದು ರೀತಿಯ ಹೆಮ್ಮೆಯೇ ಆಯಿತು. "ಈ ಹಳ್ಳ ಹಿಡಿದು ಇಳಿದರೆ ರಸ್ತೆ ಸಿಗುತ್ತೆ" ಎಂದೆ. ಹುಡುಗ ನಂಬಿದ. ನಂಬದೆ ಏನು ಮಾಡಿಯಾನು, ನಾನು ಮಲೆನಾಡಿನವನು.

ಇಳಿಯುವುದು ಸುಲಭವಾಗಿತ್ತು. ಅದೇ ಅದರ ಅಪಾಯ. ಮೆತ್ತಗಿನ ಹಿಮದಲ್ಲಿ ಅರ್ಧ ನಡೆದು ಅರ್ಧ ಜಾರಿ ಹದಿನೈದು ನಿಮಿಷ ಹೋಗಿರಬೇಕು. ಕರಾವಳಿಯ ಈ ಬೆಟ್ಟಗಳ ಹಿಮ ಒದ್ದೆ ಹಿಮ, ದೋಸೆ ಹಿಟ್ಟಿನಂತೆ ಭಾರ. ಕೈಗವಸು ನೆನೆದು ಬೆರಳು ಜುಮ್ಮೆನ್ನತೊಡಗಿತ್ತು. ಹುಡುಗ ಒಂದು ಮರದ ಪಕ್ಕ ಕಾಲಿಟ್ಟವನು ಇದ್ದಕ್ಕಿದ್ದಂತೆ ಸೊಂಟದವರೆಗೆ ಇಳಿದುಹೋದ. ದಟ್ಟ ಕೊಂಬೆಗಳು ಕೊಡೆಯಂತೆ ತಡೆಯುವುದರಿಂದ ಮರದ ಬುಡದ ಸುತ್ತ ಹಿಮ ಗಟ್ಟಿಯಾಗಿ ತುಂಬುವುದಿಲ್ಲ. ಮೇಲಿನಿಂದ ಸಮತಟ್ಟಾಗಿ ಕಂಡರೂ ಒಳಗೆ ಬಾವಿ. ತಲೆಕೆಳಗಾಗಿ ಬಿದ್ದವರು ಉಸಿರುಗಟ್ಟಿ ಸತ್ತದ್ದಿದೆ. ಅವನು ಕಾಲು ಕೆಳಗಾಗಿ ಬಿದ್ದದ್ದು ನಮ್ಮ ಪುಣ್ಯ. ಎಳೆದು ತೆಗೆಯುವಷ್ಟರಲ್ಲಿ ಒಂದು ಸ್ನೋಶೂವಿನ ಪಟ್ಟಿ ಬಿಚ್ಚಿಹೋಗಿತ್ತು. ಜೋಮು ಹಿಡಿದ ಬೆರಳುಗಳಿಂದ ಅದನ್ನು ಕಟ್ಟುತ್ತಾ ಕೂತಾಗ ಅವನು ಮೆಲ್ಲಗೆ ಕೇಳಿದ:

"ಅಣ್ಣಾ, ಒಂದು ಮಾತು ಕೇಳ್ಲೇನ್ರಿ? ಬರೂಮುಂದ ನಾವು ಇಷ್ಟು ಏರು ಹತ್ತೇವೇನ್ರಿ?"

"ಇಲ್ಲ."

"ಮತ್ತ ಈಗ ಇಷ್ಟ್ಯಾಕ ಇಳ್ಯಾಕತ್ತೇವಿ?"

ನನ್ನ ಬಳಿ ಉತ್ತರವಿರಲಿಲ್ಲ. ಕಾರು ನಿಂತಿದ್ದ ಜಾಗ ಮತ್ತು ನೋಟದ ಬಂಡೆ ಹೆಚ್ಚೂಕಮ್ಮಿ ಒಂದೇ ಎತ್ತರದಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಹೋಗುವವನು ಇಷ್ಟು ಇಳಿಯಬೇಕಾದ ಕಾರಣವೇ ಇಲ್ಲ. ಎರೆನೆಲದಲ್ಲಿ ಬೆಳೆದ, ಜೀವಮಾನದಲ್ಲಿ ಮೊದಲ ಸಲ ಹಿಮ ಮೆಟ್ಟಿದ ಹುಡುಗನಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಅವನು ನೆಲ ನೋಡಿಕೊಂಡು ನಡೆಯುತ್ತಿದ್ದ. ನಾನು ಅಜ್ಜಯ್ಯನ ಮಾತಿನಲ್ಲಿ ನಡೆಯುತ್ತಿದ್ದೆ.

ಆದರೂ ತಕ್ಷಣ ಒಪ್ಪಲಿಲ್ಲ. ದೀಪ ಅಲ್ಲೇ ಕಾಣುತ್ತಿದೆಯಲ್ಲ, ಇನ್ನು ಸ್ವಲ್ಪ ಇಳಿದು ನೋಡೋಣ ಅನಿಸಿತು. ಇಳಿದು ಬಂದದ್ದನ್ನೆಲ್ಲ ಮತ್ತೆ ಹತ್ತಬೇಕೆಂಬ ಸಂಕಟ ಒಂದು ಕಡೆ. ನನಗಿಂತ ಐದು ವರ್ಷ ಚಿಕ್ಕವನ ಮುಂದೆ ತಪ್ಪಾಯಿತು ಎನ್ನಬೇಕಾದ ಸಂಕಟ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ಭಾರವಾಗಿತ್ತು ಎಂದು ಈಗ ಹೇಳಬಲ್ಲೆ. ಅವನು ಮತ್ತೇನೂ ಹೇಳಲಿಲ್ಲ. ಎದ್ದು ನಿಂತು, ಹೊರಳಿ, ಮೇಲ್ಮುಖವಾಗಿ ನಮ್ಮದೇ ಹೆಜ್ಜೆಗಳನ್ನು ನೋಡುತ್ತಾ ನಿಂತ. ಹೆಜ್ಜೆ ಗುಳಿಗಳೊಳಗೆ ಹೊಸ ಹಿಮ ತುಂಬುತ್ತಿತ್ತು.

ಹದಿನೈದು ನಿಮಿಷ ಇಳಿದದ್ದನ್ನು ಹತ್ತಲು ಮುಕ್ಕಾಲು ಗಂಟೆ ಬೇಕಾಯಿತು. ನನ್ನ ಫೋನು ನಲವತ್ತು ಪರ್ಸೆಂಟ್ ಇದ್ದದ್ದು ಚಳಿಗೆ ಒಮ್ಮೆಲೇ ಆರಿಹೋಯಿತು. ಅವನ ಫೋನನ್ನು ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಂಡು, ಹತ್ತು ಹೆಜ್ಜೆಗೊಮ್ಮೆ ತೆಗೆದು ಬೆಳಕು ಬಿಟ್ಟು, ಮುಂದಿನ ಗುಳಿ ಎಲ್ಲಿದೆ ಎಂದು ನೋಡಿ, ಮತ್ತೆ ಒಳಗಿಡುತ್ತಿದ್ದೆವು. ಇಬ್ಬರೂ ಮಾತಾಡಲಿಲ್ಲ. ಒಂದು ಕಡೆ ಕಾಲಡಿ ಕರಕರ ಎಂದಿತು. ಮುಖ್ಯ ದಾರಿ. ಹುಡುಗ ಅಲ್ಲೇ ಕೂತುಬಿಟ್ಟ.

ಆಗ ಬಂಡೆಯ ಕಡೆಯಿಂದ ಒಂದು ಬೆಳಕು ಬಂತು. ತಲೆಗೆ ಲೈಟು ಕಟ್ಟಿಕೊಂಡ, ಅರವತ್ತು ದಾಟಿದ ಹೆಂಗಸು, ಒಬ್ಬರೇ. "ಎಲ್ಲಿಂದ ಬಂದಿರಿ?" ಎಂದು ಕೇಳಿದರು. ನಾನು ಅಭ್ಯಾಸಬಲದಿಂದ "ಇಂಡಿಯಾ" ಎಂದೆ. "ಅದಲ್ಲ, ಈಗ ಯಾವ ಕಡೆಯಿಂದ?" ನಾನು ಕೆಳಗೆ ಕೈ ತೋರಿಸಿದೆ. ಅವರು ಆ ಕತ್ತಲನ್ನು ಸ್ವಲ್ಪ ಹೊತ್ತು ನೋಡಿದರು. ಬೈಯಲಿಲ್ಲ. ಚೀಲದಿಂದ ಒಣ ಕೈಗವಸು ತೆಗೆದು ಹುಡುಗನಿಗೆ ಕೊಟ್ಟು, ಪಾರ್ಕಿಂಗ್ ಜಾಗದವರೆಗೆ ನಮ್ಮ ಮುಂದೆ ನಡೆದರು. ಈ ಬದಿಯ ಹಳ್ಳಗಳು ಕೆಳಗೆ ಹೋದಂತೆ ಕೊರಕಲಾಗುತ್ತವೆ, ಕೊರಕಲು ಬಂಡೆಯಂಚಿಗೆ ಒಯ್ದು ಬಿಡುತ್ತದೆ, ಅಲ್ಲಿಂದ ಇಳಿಯಲೂ ಆಗದು, ಹತ್ತಲೂ ಆಗದು ಎಂದು ನಡೆಯುತ್ತಲೇ ಹೇಳಿದರು. ದಾರಿ ತಪ್ಪಿದವರೆಲ್ಲ ಇಳಿಯುವುದೇ. ದೀಪ ಎಳೆಯುತ್ತದೆ ಎಂದರು.

ಅದಾದ ಮೇಲೆ ಓದಿ ತಿಳಿದುಕೊಂಡೆ. ಈ ಬೆಟ್ಟಗಳಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ತರುವುದು ನಾರ್ತ್ ಶೋರ್ ರೆಸ್ಕ್ಯೂ ಎಂಬ ತಂಡ. 1965ರಲ್ಲಿ ಶುರುವಾದದ್ದು. ಎಲ್ಲರೂ ಸ್ವಯಂಸೇವಕರು, ಪಾರಾದವರಿಂದ ಹಣ ಕೇಳುವುದಿಲ್ಲ. ಹಣ ಕೇಳಿಯಾರೆಂಬ ಹೆದರಿಕೆಗೆ ಯಾರೂ ಕರೆ ಮಾಡಲು ತಡಮಾಡಬಾರದು ಎಂಬುದು ಅವರ ನಿಲುವು. ಬಹುಕಾಲ ತಂಡದ ಮುಂದಾಳಾಗಿದ್ದ ಟಿಮ್ ಜೋನ್ಸ್ 2014ರ ಜನವರಿಯಲ್ಲಿ ಇದೇ ಸೀಮೋರ್ ಬೆಟ್ಟ ಇಳಿಯುತ್ತಿರುವಾಗ ಹೃದಯಾಘಾತವಾಗಿ ತೀರಿಕೊಂಡರು. ಬೆಟ್ಟದ ಒಂದು ಶಿಖರಕ್ಕೆ ಈಗ ಅವರ ಹೆಸರಿದೆ. ಇಲ್ಲಿನ ಶಾಲಾ ಮಕ್ಕಳಿಗೆ ಹೇಳಿಕೊಡುವ ಪಾಠ ಅಜ್ಜಯ್ಯ ಹೇಳಿದ್ದಕ್ಕೆ ಪೂರಾ ತಿರುವುಮುರುವು: ದಾರಿ ತಪ್ಪಿದೆ ಅನಿಸಿದ ಕೂಡಲೇ ನಿಲ್ಲು, ಒಂದು ಮರವನ್ನು ತಬ್ಬಿಕೊ, ಹುಡುಕುವವರು ಬರುವವರೆಗೆ ಅಲ್ಲಿಂದ ಕದಲಬೇಡ. ಇದನ್ನು ಓದಿದಾಗ ನಗು ಬಂತು. ಮರ ತಬ್ಬುವುದು ಎಂದರೆ ನಮಗೆ 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಶುರುವಾದ ಅಪ್ಪಿಕೋ ಚಳವಳಿ, ಮರ ಉಳಿಸಲು ಮನುಷ್ಯರು ತಬ್ಬಿಕೊಂಡದ್ದು. ಇಲ್ಲಿ ಮನುಷ್ಯ ಉಳಿಯಲು ಮರ ತಬ್ಬಬೇಕು.

ಸೋಮವಾರ ಲ್ಯಾಬಿನಲ್ಲಿ ಈ ಕಥೆಯನ್ನು ನಾನೇ ಹೇಳಿದೆ, ಎಲ್ಲರೂ ನಗುವ ಹಾಗೆ. ಮೊರ ಕಟ್ಟಿಕೊಂಡು ಬಿದ್ದದ್ದು, "ಇಂಡಿಯಾ" ಎಂದದ್ದು, ಎಲ್ಲ ಇತ್ತು. ಹಳ್ಳ ಹಿಡಿದು ಇಳಿಯೋಣ ಎಂದದ್ದು ನಾನು ಎಂಬುದೊಂದು ಬಿಟ್ಟುಹೋಗಿತ್ತು. "ನಾವು ದಾರಿ ತಪ್ಪಿದೆವು" ಎಂದೆ. ಹುಡುಗ ಮೂಲೆಯಲ್ಲಿ ಕಂಪ್ಯೂಟರ್ ನೋಡುತ್ತಾ ಕೂತಿದ್ದ. ತಿದ್ದಲಿಲ್ಲ. ಒಂದು ಸಲ ತಲೆಯೆತ್ತಿ ನೋಡಿ, ಮತ್ತೆ ಕೆಲಸಕ್ಕೆ ತೊಡಗಿದ. ಬೆಟ್ಟದಲ್ಲಿ ಆಗಿದ್ದಕ್ಕಿಂತ ಹೆಚ್ಚು ನಾಚಿಕೆ ನನಗೆ ಆಗ ಆಯಿತು.

ಆ ವಾರ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಕೊನೆಗೆ, ಅಜ್ಜಯ್ಯನ ಮಾತು ಕೇಳಿ ಸಾಯ್ತಿದ್ದೆ ಎಂದು ತಮಾಷೆ ಮಾಡಿದೆ. ಅಪ್ಪಯ್ಯ ನಗಲಿಲ್ಲ.

"ಅವ್ರು ಹೇಳಿದ್ದು ನಮ್ಮ ಬ್ಯಾಣದ ಹಳ್ಳಕ್ಕೆ ಮಾರಾಯ. ಅದು ಮೂಡಲಿಗೆ ಹರಿಯೋ ನೀರು, ತುಂಗೆಗೆ ಸೇರೋದು. ದಾರಿಯುದ್ದ ಗದ್ದೆ, ಮನೆ. ಘಟ್ಟದ ಅಂಚಿಗೆ ಹೋದಾಗ ಅವ್ರೇ ಹೇಳ್ತಿರ್ಲಿಲ್ವಾ, ಪಡುವಲ ನೀರಿನ ಬೆನ್ನು ಹತ್ತಬೇಡಿ ಅಂತ? ಹತ್ತಿದ್ರೆ ಬರ್ಕಣದ ತಲೆ ಮೇಲೆ ಹೋಗಿ ನಿಲ್ತಿದ್ದೆ."

ಬರ್ಕಣ ಎಂದರೆ ಆಗುಂಬೆಯ ಹತ್ತಿರ ಸೀತಾ ನದಿ ಘಟ್ಟದಿಂದ ಧುಮುಕುವ ಜಾಗ. ಸುಮಾರು 850 ಅಡಿ ಆಳ. ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಕೂಗಳತೆಯಲ್ಲೇ ನೀರಿಗೆ ಎರಡು ಬುದ್ಧಿ. ಪೂರ್ವಕ್ಕೆ ಹೊರಟದ್ದು ಗದ್ದೆ, ತೋಟ, ಊರು ಎಂದು ನಿಧಾನಕ್ಕೆ ಹೋಗುತ್ತದೆ. ಪಶ್ಚಿಮಕ್ಕೆ ಹೊರಟದ್ದು ನೇರ ಪ್ರಪಾತಕ್ಕೆ. ಅಜ್ಜಯ್ಯನ ಮಾತು ಸುಳ್ಳಾಗಿರಲಿಲ್ಲ. ಅದರಲ್ಲಿ ಒಂದು ಷರತ್ತಿತ್ತು. ಆ ಷರತ್ತನ್ನು ಅವರು ಹೇಳಿಯೂ ಇದ್ದರು. ನಾನು ಕೇಳಲು ಚೆಂದವಿದ್ದ ಅರ್ಧವನ್ನು ಮಾತ್ರ ಹೊತ್ತುಕೊಂಡು ಸುಮಾರು ಹದಿಮೂರು ಸಾವಿರ ಕಿಲೋಮೀಟರ್ ದೂರ ಬಂದಿದ್ದೆ.

ನನ್ನ ಸಂಶೋಧನೆಯ ವಿಷಯ ಅಂಕಿಸಂಖ್ಯೆಯ ಮಾದರಿಗಳು. ಒಂದು ಕಡೆಯ ದತ್ತಾಂಶದಿಂದ ಕಟ್ಟಿದ ಮಾದರಿ ಇನ್ನೊಂದು ಕಡೆ ಯಾಕೆ ಕೈಕೊಡುತ್ತದೆ ಎಂಬುದೇ ಪ್ರಬಂಧದ ಎರಡು ಅಧ್ಯಾಯ. ನನ್ನ ಕರಡುಗಳ ಅಂಚಿನಲ್ಲಿ ಮಾರ್ಗದರ್ಶಕರು ಅತಿ ಹೆಚ್ಚು ಬರೆಯುವ ಪ್ರಶ್ನೆ, "ಯಾವ ಷರತ್ತಿನಲ್ಲಿ?" ಮೂರು ವರ್ಷ ಆ ಪ್ರಶ್ನೆಗೆ ಉತ್ತರ ಬರೆದವನು ಬೆಟ್ಟದಲ್ಲಿ ಅದನ್ನು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಊರಿನಿಂದ ತಂದ ಮಾತು ಎಂದಾಗ ನಾವು ಅದನ್ನು ಪರೀಕ್ಷೆಗೆ ಒಡ್ಡುವುದಿಲ್ಲ. ಅದು ಮಾತಾಗಿ ಉಳಿದಿರುವುದಿಲ್ಲ, ಹೇಳಿದವರ ಮುಖವಾಗಿರುತ್ತದೆ.

ಮರುದಿನ ಹುಡುಗನನ್ನು ಕಾಫಿಗೆ ಕರೆದೆ. ಲ್ಯಾಬಿನಲ್ಲಿ ಹೇಳಿದ್ದು ಅರ್ಧ ಕಥೆ, ಮಿಕ್ಕ ಅರ್ಧ ಇವತ್ತು ಹೇಳುತ್ತೇನೆ ಎಂದೆ. "ಬಿಡ್ರಿ ಅಣ್ಣಾ" ಎಂದ. ಬಿಡಲಿಲ್ಲ, ಮಧ್ಯಾಹ್ನ ಎಲ್ಲರ ಮುಂದೆ ಹೇಳಿದೆ. ಈ ಸಲ ಯಾರೂ ಅಷ್ಟು ನಗಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಇಬ್ಬರೂ ಮತ್ತೆ ಅದೇ ದಾರಿಗೆ ಹೋದೆವು. ಈಗ ನಮ್ಮದೇ ಸ್ವಂತ ಮೊರಗಳಿವೆ. ತಲೆಗೆ ಕಟ್ಟುವ ಲೈಟು ಇಬ್ಬರಿಗೂ ಒಂದೊಂದು, ಹೆಚ್ಚಿನ ಬ್ಯಾಟರಿ, ಒಣ ಕೈಗವಸು, ಸೀಟಿ. ಎಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ರೂಮಿನವನಿಗೆ ಬರೆದುಕೊಟ್ಟು ಹೊರಟದ್ದು. ಎಲ್ಲೇ ಇರಲಿ, ಎರಡೂವರೆಗೆ ಹಿಂತಿರುಗಬೇಕು ಎಂಬುದು ಹುಡುಗ ಹಾಕಿದ ನಿಯಮ. ರಸ್ತೆಯಲ್ಲಿ ಹಿಮ ಹೆಚ್ಚಿದ್ದು ಹೊರಟದ್ದೇ ತಡವಾಯಿತು. ಕೆರೆ ದಾಟಿ, ಆ ಕವಲಿನ ಹತ್ತಿರ ಬಂದಾಗ ಬಲಕ್ಕೆ ಈ ಸಲವೂ ಯಾರದೋ ಎರಡು ಮೂರು ಹೆಜ್ಜೆ ಗುರುತುಗಳಿದ್ದವು. ನಾವು ನಿಂತು ನೋಡಿದೆವು. ಹಿಮದಡಿಯಲ್ಲಿ ನೀರಿನ ಸದ್ದು ಸಣ್ಣಗೆ ಕೇಳುತ್ತಿತ್ತು.

ಬಂಡೆಗೆ ಇನ್ನೂ ಹದಿನೈದು ನಿಮಿಷವಿರುವಾಗ ಅವನು ಗಡಿಯಾರ ನೋಡಿದ. ಎದುರಿನಿಂದ ಬಂದವರು, ಇಷ್ಟು ದೂರ ಬಂದು ಹಿಂದೆ ಹೋಗುತ್ತೀರಾ, ಇವತ್ತು ಬೇಕರ್ ಎಷ್ಟು ಚೆನ್ನಾಗಿ ಕಾಣುತ್ತಿದೆ ಗೊತ್ತಾ ಎಂದರು. ನನ್ನ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದೆ ಹೋಯಿತು.

"ಎರಡೂವರಿ ಆತ್ರಿ ಅಣ್ಣಾ" ಎಂದ.

ಥರ್ಮಾಸ್ ತೆಗೆದು ಅಲ್ಲೇ ನಿಂತು ಚಹಾ ಕುಡಿದೆವು. ಆಮೇಲೆ ಹೊರಳಿದೆವು. ಈ ಸಲ ಅವನು ಮುಂದೆ, ನಾನು ಹಿಂದೆ, ಕಾಲಡಿಯ ಸದ್ದು ಕೇಳಿಸಿಕೊಳ್ಳುತ್ತಾ.